ಗೋಡೆಯ ಮೇಲಿನ ನೀರಿನ ಗೆರೆ

ಪುಣೆಯ ಶನಿವಾರ ಪೇಠೆಯಿಂದ ಓಂಕಾರೇಶ್ವರ ದೇವಸ್ಥಾನದ ಕಡೆಗೆ ಇಳಿಯುವ ಓಣಿಗಳಲ್ಲಿ ತಲೆ ಎತ್ತಿ ನಡೆಯುವವರು ಕಡಿಮೆ. ಎತ್ತಿದರೆ ಹಿಂದಿನಿಂದ ಬರುವ ಸ್ಕೂಟರಿನ ಕನ್ನಡಿ ಮೊಣಕೈಗೆ ತಗಲುತ್ತದೆ. ಆದರೂ ಎತ್ತಿ ನೋಡಿದವರಿಗೆ, ವಿದ್ಯುತ್ ಮೀಟರುಗಳ ಮೇಲೆ, ಕೇಬಲ್ಲಿನ ಸಿಂಬಿಗಳ ಸಂದಿಯಲ್ಲಿ, ಇನ್ನೂ ಉಳಿದಿರುವ ಯಾವುದೋ ಹಳೆಯ ವಾಡೆಯ ಗೋಡೆಯ ಮೇಲೆ ಒಂದು ಚಿಕ್ಕ ಫಲಕ ಕಂಡೀತು. ಅಡ್ಡಕ್ಕೆ ಒಂದು ಗೆರೆ, ಕೆಳಗೆ ದೇವನಾಗರಿಯಲ್ಲಿ ನೀರಿನ ಮಟ್ಟವೆಂಬ ಮಾತು, ಮತ್ತೊಂದು ತಾರೀಖು: 12 ಜುಲೈ 1961. ಬಣ್ಣ ಬಳಿಯುವವರು ಕೆಲವರು ಅದನ್ನು ಬಿಟ್ಟು ಸುತ್ತ ಬಳಿದಿರುತ್ತಾರೆ, ಕೆಲವರು ಅದರ ಮೇಲೆಯೇ ಕುಂಚ ಎಳೆದಿರುತ್ತಾರೆ. ಗೆರೆ ಆಳೆತ್ತರಕ್ಕಿಂತ ಬಹಳ ಮೇಲಿರುತ್ತದೆ. ಅದರ ಕೆಳಗೆ ನಿಂತು ಕೈ ಮೇಲೆತ್ತಿದರೂ ಎಟುಕದು.

ಪುಣೆ ದೊಡ್ಡ ಭೂಕಂಪಕ್ಕೆ ಕುಸಿದ ಊರಲ್ಲ. ದಖ್ಖನಿನ ಕಪ್ಪುಕಲ್ಲಿನ ಹಾಸಿನ ಮೇಲೆ ನೆಮ್ಮದಿಯಾಗಿ ಕೂತ ಊರು ಇದು ಎಂದೇ ಜನ ನಂಬಿದ್ದರು. ಆದರೆ ಒಂದು ಇಡೀ ನಗರ ಒಂದೇ ದಿನದಲ್ಲಿ ಬಿದ್ದು, ಮತ್ತೆ ಎದ್ದು, ಬಿದ್ದದ್ದರ ಲೆಕ್ಕ ಬರೆದಿಟ್ಟದ್ದನ್ನು ನೋಡಬೇಕೆಂದರೆ ಈ ಓಣಿಗಳಿಗೇ ಬರಬೇಕು. ಇಲ್ಲಿ ನೆಲ ನಡುಗಲಿಲ್ಲ, ನೀರು ಬಂತು. ಮಾಡಿದ ಕೆಲಸ ಮಾತ್ರ ಭೂಕಂಪದ್ದೇ: ಗೋಡೆ ಕೆಡವಿತು, ಜನರನ್ನು ತಗಡಿನ ಶೆಡ್ಡಿಗೆ ಕಳಿಸಿತು, ಊರಿನ ನಕ್ಷೆಯನ್ನೇ ಬದಲಿಸಿತು.

ಊರಿನ ನೈರುತ್ಯಕ್ಕೆ, ಸುಮಾರು 40 ಕಿಲೋಮೀಟರ್ ಆಚೆ, ಸಹ್ಯಾದ್ರಿಯ ಮಡಿಲಲ್ಲಿ ಅಂಬಿ ಎಂಬ ಸಣ್ಣ ಹೊಳೆಗೆ ಪಾನಶೇತ್ ಹತ್ತಿರ ಮಣ್ಣಿನ ಅಣೆಕಟ್ಟು ಏಳುತ್ತಿತ್ತು. ಮಹಾರಾಷ್ಟ್ರ ರಾಜ್ಯ ಹುಟ್ಟಿ ಒಂದು ವರ್ಷ ಕಳೆದಿತ್ತಷ್ಟೆ, ಯಶವಂತರಾವ್ ಚವ್ಹಾಣ್ ಮುಖ್ಯಮಂತ್ರಿ. ಕೆಲಸ ಪೂರ್ತಿ ಮುಗಿಯುವ ಮೊದಲೇ 1961ರ ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲಿಸಿದರು. ಕಟ್ಟೆಯ ಹೊಟ್ಟೆಯೊಳಗೆ ನೀರು ಹೊರಬಿಡಲು ಒಂದು ಕಾಲುವೆ-ಕೊಳವೆ ಇತ್ತು. ಅದರ ಮೇಲ್ಚಾವಣಿಯ ಕಾಂಕ್ರೀಟಿಗೆ ಕಬ್ಬಿಣದ ಸರಳು ಹಾಕಿರಲಿಲ್ಲ. ಬಾಗಿಲು ಎತ್ತಿ ಇಳಿಸುವ ಯಂತ್ರದ ಜೋಡಣೆಯೂ ಮುಗಿದಿರಲಿಲ್ಲ. ಜುಲೈನಲ್ಲಿ ಘಟ್ಟದ ಮಳೆ ಹಿಡಿದು ಬಿಡದೆ ಸುರಿಯಿತು. ಅರೆ ತೆರೆದ ಬಾಗಿಲ ಸಂದಿಯಿಂದ ಸಿಡಿಯುವ ನೀರಿಗೆ ಕೊಳವೆ ನಡುಗತೊಡಗಿತು. ಅದರ ಮೇಲಿದ್ದ ಮಣ್ಣು ಒಳಗೊಳಗೇ ಇಳಿಯಿತು, ಕಟ್ಟೆಯ ನೆತ್ತಿ ಅಲ್ಲಿ ತಗ್ಗಾಯಿತು. ಜುಲೈ 11ರ ರಾತ್ರಿ ಸೈನಿಕರು, ಕೂಲಿಕಾರರು, ಎಂಜಿನಿಯರುಗಳು ಸುರಿವ ಮಳೆಯಲ್ಲಿ ಮರಳಿನ ಚೀಲ ಹೊತ್ತು ಆ ತಗ್ಗನ್ನು ತುಂಬುತ್ತಲೇ ಇದ್ದರು. ಚೀಲ ಒಂದಡಿ ಏರಿದರೆ ಕಟ್ಟೆ ಅಷ್ಟೇ ಇಳಿಯುತ್ತಿತ್ತು. ಬುಧವಾರ ಬೆಳಿಗ್ಗೆ ನೀರು ಚೀಲಗಳ ಮೇಲಿಂದ ಹಾಯಿತು. ಮಣ್ಣಿನ ಕಟ್ಟೆಯ ಮೇಲೆ ನೀರು ಹಾಯಿತೆಂದರೆ ಅಲ್ಲಿಗೆ ಮುಗಿಯಿತು, ಅದನ್ನು ಬಲ್ಲ ಯಾವ ರೈತನೂ ಹೇಳುತ್ತಾನೆ.

ಪಾನಶೇತ್ ಮತ್ತು ಪುಣೆಯ ನಡುವೆ ಖಡಕ್‌ವಾಸಲೆಯ ಹಳೆಯ ಕಲ್ಲಿನ ಅಣೆಕಟ್ಟು. 1870ರ ದಶಕದಲ್ಲಿ ಫೈಫ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್ ಕಟ್ಟಿಸಿದ್ದು, ಹಾಗಾಗಿ ಅದರ ಕೆರೆಗೆ ಬಹುಕಾಲ ಲೇಕ್ ಫೈಫ್ ಎಂದೇ ಹೆಸರು. ಪುಣೆ ಕುಡಿಯುತ್ತಿದ್ದುದು ಅದರ ನೀರನ್ನು. ಎಂಬತ್ತು ವರ್ಷಗಳಿಗೂ ಮಿಕ್ಕಿ ಎಂಥೆಂಥ ಮಳೆಗಾಲ ಕಂಡಿದ್ದ ಆ ಕಟ್ಟೆ ಮೇಲಿನ ಕೆರೆಯ ನೀರನ್ನೆಲ್ಲ ಒಮ್ಮೆಗೇ ಎದೆಗೊಟ್ಟು ಕೆಲವು ಗಂಟೆ ತಡೆಯಿತು. ಆ ಗಂಟೆಗಳು ಎಷ್ಟು ಜೀವ ಉಳಿಸಿದವೋ ಯಾರೂ ಎಣಿಸಿಲ್ಲ. ಆಮೇಲೆ ಅದೂ ಬಿರಿಯಿತು.

ನಗರಕ್ಕೆ ಸರಿಯಾದ ಎಚ್ಚರಿಕೆ ತಲುಪಿರಲಿಲ್ಲ. ಸುದ್ದಿ ಹಬ್ಬಿತ್ತು, ಆದರೆ ಅದು ಗಾಳಿಸುದ್ದಿಯ ರೂಪದಲ್ಲಿ. ಸೈಕಲ್ ಮೇಲೆ ಓಡಿಬಂದವನೊಬ್ಬ ಕೂಗಿದರೆ ಹತ್ತು ಜನ ನಕ್ಕರು, ಇಬ್ಬರು ಮಕ್ಕಳ ಕೈ ಹಿಡಿದು ಪರ್ವತಿ ಗುಡ್ಡದ ದಾರಿ ಹಿಡಿದರು. ಕೆಲವರು ಊರ ಹೊಳೆ ಮುಠೆಯನ್ನು ನೋಡಲೆಂದೇ ಲಕಡಿ ಪುಲಿನ ಮೇಲೆ ಹೋಗಿ ನಿಂತರು. ಪಾಣಿಪತ್ತಿನ ಸೋಲಿನ ವರ್ಷ, 1761ರಲ್ಲಿ, ಪೇಶ್ವೆಗಳು ಮರದಲ್ಲಿ ಕಟ್ಟಿಸಿದ ಸೇತುವೆಯೆಂದು ಅದಕ್ಕೆ ಆ ಹೆಸರು. ನಂತರ ಕಲ್ಲಿನದಾದರೂ ಹೆಸರು ಹೋಗಲಿಲ್ಲ. ಸರಿಯಾಗಿ ಇನ್ನೂರು ವರ್ಷಕ್ಕೆ ಅದು ನೀರಿನಡಿ ಹೋಯಿತು.

ನಾರಾಯಣ ಪೇಠೆಯಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಧಾರವಾಡ ಕಡೆಯ ಮನೆತನ, ಅಜ್ಜನ ಕಾಲಕ್ಕೆ ಪುಣೆಗೆ ಬಂದವರು. ಹೊರಗೆ ಪೇಠೆಯ ಶುದ್ಧ ಮರಾಠಿ, ಹೊಸ್ತಿಲ ಒಳಗೆ ಕನ್ನಡ. ಆ ದಿನ ಅವರು ಶಾಲೆಯ ಹುಡುಗ. ನೆರೆಯ ಮಾತೆತ್ತಿದರೆ ಮೊದಲು ಚಹಾ ಬರುತ್ತದೆ, ಆಮೇಲೆ ಮಾತು.

"ನಾವೆಲ್ಲಾ ಹೊಳಿ ಕಡೆ ನೋಡಿಕೋತ ನಿಂತಿದ್ವಿ ತಮ್ಮಾ. ನೀರು ಅತ್ತಕಡಿಂದ ಬರ್ತದಂತ ಲೆಕ್ಕ. ಅದು ಬಂದಿದ್ದು ಹಿಂದಿಂದ, ಗಟಾರದಾಗಿಂದ. ಮೋರಿ ಒಳಗ ಗುಳುಗುಳು ಸಪ್ಪಳ ಬಂತು, ನೋಡ್ತೀವಿ, ನ್ಹಾಣಿ ತುಂಬಿ ನಡುಮನಿಗೆ ಹರಿಯಾಕ ಹತ್ತೇದ. ಅವ್ವ ಮೊದಲು ಎತ್ತಿದ್ದು ಏನು ಗೊತ್ತದ ಏನು? ಉಪ್ಪಿನಕಾಯಿ ಭರಣಿ. ಬಂಗಾರ ಆಮ್ಯಾಲೆ ನೆನಪಾತು."

ಅವರು ಮಹಡಿಗೆ ಹೋದರು, ಮಹಡಿಯಿಂದ ಪಕ್ಕದ ಮನೆಯ ಮಾಳಿಗೆಗೆ ದಾಟಿದರು. ಅಲ್ಲಿಂದ ಕಂಡದ್ದನ್ನು ಹೇಳುವಾಗ ಅವರ ದನಿಯಲ್ಲಿ ಗಾಬರಿಗಿಂತ ಹೆಚ್ಚಾಗಿ ಇನ್ನೂ ಅಚ್ಚರಿ ಇರುತ್ತದೆ. ನೀರಿನ ಮೇಲೆ ಮಂಚಗಳು, ತಲೆಕೆಳಗಾದ ಟಾಂಗಾ, ಎಣ್ಣೆಯ ಡಬ್ಬಗಳು, ಬಿದಿರಿನ ಹೊರೆಗಳು, ಒಂದು ಎಮ್ಮೆ. ಶಬ್ದ ಎಂಥದಿತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ ಎನ್ನುತ್ತಾರೆ.

ನೀರು ಇಳಿದ ಮೇಲಿನ ಕಥೆ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ, ಏಕೆಂದರೆ ಪುಣೆಯ ಹಳೆಯ ಊರು ನಿಜವಾಗಿ ಬಿದ್ದದ್ದು ಆಗ. ವಾಡೆ ಎಂದರೆ ಕೆಳಗೆ ಕಲ್ಲಿನ ಅಡಿಪಾಯ, ಅದರ ಮೇಲೆ ಸಾಗವಾನಿ ಕಂಬ-ತೊಲೆಗಳ ಚೌಕಟ್ಟು, ನಡುವೆ ತುಂಬಿದ ಹಸಿ ಇಟ್ಟಿಗೆ, ಬಿಳಿ ಮಣ್ಣು, ಸುಣ್ಣದ ಗಾರೆ. ಒಣಗಿದ್ದಾಗ ನೂರೈವತ್ತು, ಇನ್ನೂರು ವರ್ಷ ನಿಲ್ಲುವ ಕಟ್ಟಣ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಗೋಡೆ ಒಳತನಕ ನೆನೆದಾಗ ಹೊರಗಿನಿಂದ ಏನೂ ತಿಳಿಯುವುದಿಲ್ಲ. ನೀರು ನಿಂತಿರುವಷ್ಟು ಹೊತ್ತು ಎರಡೂ ಬದಿಯ ಒತ್ತಡ ಗೋಡೆಯನ್ನು ಹಿಡಿದು ನಿಲ್ಲಿಸಿರುತ್ತದೆ. ಮನೆ ಉಳಿಯಿತೆಂದು ಜನ ಕೈ ಮುಗಿಯುವ ಹೊತ್ತಿಗೆ ನೀರು ಇಳಿಯುತ್ತದೆ, ಆಸರೆ ತಪ್ಪುತ್ತದೆ, ಒಳಗಿನ ಮಣ್ಣು ಬುಡದಿಂದ ಜಾರುತ್ತದೆ. "ಚಾದಾಗ ಅದ್ದಿದ ಬಿಸ್ಕೀಟು," ಎಂದರು ನಮ್ಮ ಹಿರಿಯರು. "ಅದ್ದಿ ಎತ್ತೂತನ ಸುಮ್ಮನಿರ್ತದ."

ಹಾಗೆ ಮರುದಿನ, ಅದರ ಮರುದಿನ, ಒಂದೊಂದೇ ವಾಡೆ ಕೂತವು. ಕಂಬಗಳು ಮಾತ್ರ ನಿಂತು ಗೋಡೆಗಳೆಲ್ಲ ಕಳಚಿದ ಮನೆಗಳಿದ್ದವು. ಎರಡನೆಯ ಅಂತಸ್ತಿನ ದೇವರ ಗೂಡು ಬೀದಿಗೆ ಕಾಣುತ್ತಿತ್ತು. ಕೆಸರು ಮೊಣಕಾಲುದ್ದ. ಅದರ ವಾಸನೆಯನ್ನು ಆ ತಲೆಮಾರಿನವರು ಈಗಲೂ ಗುರುತಿಸಬಲ್ಲರು: ಕೊಳೆತ ಗೋಧಿ, ಸೀಮೆಎಣ್ಣೆ, ಸತ್ತ ದನ, ನೆನೆದ ಪುಸ್ತಕ. ಪುಣೆಯಲ್ಲಿ ಪುಸ್ತಕವಿಲ್ಲದ ಮನೆ ಆಗ ಅಪರೂಪ. ಛಾಪಖಾನೆಗಳಲ್ಲಿ ಮೊಳೆ ಜೋಡಿಸಿದ್ದ ಪುಟಗಳು ಕೆಸರಲ್ಲಿ ಮುಚ್ಚಿದವು. ಮನೆಮನೆಯ ಟ್ರಂಕಿನಲ್ಲಿದ್ದ ಮೋಡಿ ಲಿಪಿಯ ಕಾಗದಪತ್ರ, ಜಾತಕ, ಜಮೀನಿನ ದಾಖಲೆ ಒಂದಕ್ಕೊಂದು ಅಂಟಿ ಮುದ್ದೆಯಾದವು. ಯಾವ ಊರಿನ ನಾಶದ ಪಟ್ಟಿಯಲ್ಲೂ ಇಂಥ ಕಾಗದಕ್ಕೆ ಬೆಲೆ ಹಾಕುವ ಕಾಲಂ ಇರುವುದಿಲ್ಲ.

ಸತ್ತವರ ಲೆಕ್ಕವೂ ಕೊನೆತನಕ ಒಮ್ಮತಕ್ಕೆ ಬರಲಿಲ್ಲ. ಸಾಮಾನ್ಯವಾಗಿ ಸಾವಿರದ ಆಸುಪಾಸು ಎನ್ನುತ್ತಾರೆ. ಹೊಳೆದಂಡೆಯ ಪುಲಾಚಿ ವಾಡಿಯಂಥ ಕಡೆ ಗುಡಿಸಲಲ್ಲಿದ್ದವರ ಹೆಸರು ಯಾವ ಪಟ್ಟಿಯಲ್ಲಿತ್ತು, ಯಾವುದರಲ್ಲಿ ಇರಲಿಲ್ಲ, ಹೇಳುವವರಿಲ್ಲ. ಆ ನೀರು ಎಲ್ಲಿಗೆ ಹೋಯಿತೆಂಬುದು ಮಾತ್ರ ನಮ್ಮವರಿಗೆ ಗೊತ್ತು. ಮುಠೆ ಮುಳೆಯನ್ನು ಕೂಡಿ, ಇಬ್ಬರೂ ಭೀಮೆಯನ್ನು ಸೇರಿ, ಪಂಢರಪುರದ ಘಾಟುಗಳನ್ನು ತೊಳೆದು, ಅಫಜಲಪುರದ ಕಡೆ ಕರ್ನಾಟಕಕ್ಕೆ ಇಳಿಯುತ್ತದೆ. ಆಗಿನ್ನೂ ಉಜನಿಯ ಅಣೆಕಟ್ಟು ಇರಲಿಲ್ಲ.

ಖಡಕ್‌ವಾಸಲೆ ಒಡೆದದ್ದರಿಂದ ಊರಿಗೆ ಕುಡಿಯುವ ನೀರೇ ಇಲ್ಲವಾಯಿತು. ಎಲ್ಲೆಲ್ಲೂ ನೀರು ನುಗ್ಗಿದ ಊರಲ್ಲಿ ಜನ ಬಿಂದಿಗೆ ಹಿಡಿದು ಹಳೆಯ ಬಾವಿಗಳ ಮುಂದೆ ಸಾಲುಗಟ್ಟಿದರು. ಬಳಕೆ ತಪ್ಪಿ ಹೋಗಿದ್ದ ವಾಡೆಗಳ ಬಾವಿಗಳನ್ನು ತೋಡಿ, ಔಷಧಿ ಹಾಕಿ, ಮತ್ತೆ ನೀರೆತ್ತಿದರು. ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಇದೇ ಊರಲ್ಲಿದ್ದದ್ದು ಆ ವಾರಗಳಲ್ಲಿ ಉಪಯೋಗಕ್ಕೆ ಬಂತು.

ಪುನರ್ವಸತಿಯ ಹೊಣೆ ಸ.ಗೋ. ಬರ್ವೆ ಅವರ ಹೆಗಲಿಗೆ ಬಿತ್ತು. 1950ರಲ್ಲಿ ಪುಣೆ ಮಹಾನಗರಪಾಲಿಕೆಯಾದಾಗ ಅದರ ಮೊದಲ ಆಯುಕ್ತರಾಗಿದ್ದ ಐ.ಸಿ.ಎಸ್. ಅಧಿಕಾರಿ, ಊರಿನ ಓಣಿ ಓಣಿ ತಿಳಿದವರು. ಇಂದು ಅವರ ಹೆಸರಿನ ಚೌಕವೊಂದು ಶಿವಾಜಿನಗರದಲ್ಲಿದೆ. ರಿಕ್ಷಾದವರಿಗೆ ಬರ್ವೆ ಚೌಕ ಎಂದರೆ ಒಂದು ಕ್ಷಣ ಯೋಚಿಸುತ್ತಾರೆ, ಮಾಡರ್ನ್ ಕೆಫೆ ಎಂದರೆ ತಕ್ಷಣ ಮೀಟರ್ ಹಾಕುತ್ತಾರೆ.

ಲೆಕ್ಕ ಬರೆಯುವ ಕೆಲಸ ಎರಡು ಕಡೆ ನಡೆಯಿತು. ಒಂದು, ತಪ್ಪು ಯಾರದು ಎಂದು ಹುಡುಕುವ ಸರ್ಕಾರಿ ತನಿಖೆ. ಅದನ್ನು ನಡೆಸುತ್ತಿದ್ದ ನ್ಯಾಯಮೂರ್ತಿ ಬಾವಡೇಕರ್ ಕೆಲಸ ಮುಗಿಸುವ ಮುನ್ನವೇ ತೀರಿಕೊಂಡರು. ಮುಂದೆ ನ್ಯಾಯಮೂರ್ತಿ ನಾಯಿಕ್ ಅವರು ಮುಂದುವರಿಸಿ ವರದಿ ಕೊಟ್ಟರು. ಕೊಳವೆ, ಬಾಗಿಲು, ಅವಸರ ಎಲ್ಲ ಅಲ್ಲಿ ಚರ್ಚೆಗೆ ಬಂದವು. ಇನ್ನೊಂದು ಕಡೆ, ಡೆಕ್ಕನ್ ಜಿಮಖಾನದ ಆಚೆ ಮರಗಳ ನೆರಳಲ್ಲಿರುವ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯವರು ಬಿದ್ದವರ ಬದುಕಿನ ಲೆಕ್ಕ ತೆಗೆದರು. ಧನಂಜಯರಾವ್ ಗಾಡಗೀಳರು ಕಟ್ಟಿ ಬೆಳೆಸಿದ, ಪುಣೆಯ ಸಾಮಾಜಿಕ-ಆರ್ಥಿಕ ಸಮೀಕ್ಷೆಯನ್ನು ನೆರೆಗೆ ಮೊದಲೇ ಮಾಡಿ ಮುಗಿಸಿದ್ದ ಸಂಸ್ಥೆ ಅದು. ಸುಲಭಾ ಬ್ರಹ್ಮೆ ಮತ್ತು ಪ್ರಕಾಶ ಗೋಳೆ ಬರೆದ, ನೆರೆಯ ನಂತರದ ಪುಣೆ ಮತ್ತು ಪುನರ್ವಸತಿ ಕುರಿತ ಪುಸ್ತಕ 1967ರಲ್ಲಿ ಹೊರಬಂತು. ಸುಲಭಾ ಅವರು ಗಾಡಗೀಳರ ಮಗಳು. ಒಂದು ಊರು ಕೆಡುವ ಮೊದಲಿನ ಲೆಕ್ಕವೂ ಕೆಟ್ಟ ನಂತರದ ಲೆಕ್ಕವೂ ಒಂದೇ ಸಂಸ್ಥೆಯ ಕಪಾಟಿನಲ್ಲಿ ಸಿಗುವುದು ನಮ್ಮ ದೇಶದಲ್ಲಿ ಎಷ್ಟು ಊರಿಗೆ ಸಾಧ್ಯವಾಗಿದೆ? ಇಂಥ ಪುಸ್ತಕಗಳನ್ನು ಯಾರೂ ಖುಷಿಗೆ ಓದುವುದಿಲ್ಲ, ನಿಜ. ಆದರೆ ವಿಪತ್ತಿನ ಬಗ್ಗೆ ಬರೆದ ಕಣ್ಣೀರಿನ ಲೇಖನಗಳಿಗಿಂತ ಕೋಷ್ಟಕವೇ ಹೆಚ್ಚು ಪ್ರಾಮಾಣಿಕ ಎಂದು ನನಗೆ ಅನ್ನಿಸಿದ್ದುಂಟು. ನೀರು ಎಲ್ಲರ ಮನೆಗೂ ನುಗ್ಗಿತು ಎನ್ನುವುದು ಕಣ್ಣೀರಿನ ಮಾತು. ಯಾರು ಮೂರು ತಿಂಗಳಲ್ಲಿ ಮತ್ತೆ ಅಂಗಡಿ ತೆರೆದರು, ಯಾರು ಮೂರು ವರ್ಷವಾದರೂ ಶೆಡ್ಡಿನಲ್ಲೇ ಇದ್ದರು ಎಂದು ಕೇಳುವುದು ಕೋಷ್ಟಕ.

ಶೆಡ್ಡುಗಳು ಎಲ್ಲಿ ಎದ್ದವೆಂದು ನೋಡಲು ಹೊಳೆ ಬಿಟ್ಟು ಗುಡ್ಡದ ಕಡೆ ಹೋಗಬೇಕು. ಸೇನಾಪತಿ ಬಾಪಟ್ ರಸ್ತೆಯಿಂದ ಏರಿದರೆ ಗೋಖಲೆನಗರ, ಅದರ ಪಕ್ಕ ಜನವಾಡಿ. ಅಂದು ಅದು ಊರ ಹೊರಗಿನ ಬೋಳು ದಿನ್ನೆ. ಅಲ್ಲಿ ಅರ್ಧ ಉರುಳೆಯಾಕಾರದ ತಗಡಿನ ಮನೆಗಳು, ನಿಸೆನ್ ಹಟ್‌ಗಳು, ಸಾಲಾಗಿ ಎದ್ದವು. ಯುದ್ಧಕಾಲದಲ್ಲಿ ಸೈನಿಕರಿಗೆಂದು ರೂಪಿಸಿದ ಮಾದರಿ. ಪೇಠೆಯ ಓಣಿಯಲ್ಲಿ ಎದುರು ಮನೆಯ ಒಗ್ಗರಣೆಯ ವಾಸನೆಯ ಮೇಲೆ ಇವತ್ತು ಅವರ ಮನೆಯಲ್ಲಿ ಏನು ಅಡುಗೆ ಎಂದು ಹೇಳುತ್ತಿದ್ದ ಹೆಂಗಸರು, ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳದ ತಗಡಿನಡಿ ಸಂಸಾರ ಹೂಡಿದರು. ಇಂದಿಗೂ ಗೋಖಲೆನಗರದ ಒಳರಸ್ತೆಗಳಲ್ಲಿ ನಡೆದರೆ ಮನೆಗಳ ಅಳತೆ ಅದನ್ನು ಹೇಳುತ್ತದೆ: ಅಗಲ ಒಂದೇ, ಆಳ ಒಂದೇ, ಮೇಲಕ್ಕೆ ಮಾತ್ರ ಅವರವರ ಶಕ್ತಿಯಂತೆ ಒಂದು, ಎರಡು, ಮೂರು ಅಂತಸ್ತು. ಕೆಳಗಿನ ಮನೆಯ ಮುಂದೆ ತುಳಸಿ, ಮೇಲಿನ ಗ್ಯಾಲರಿಯಲ್ಲಿ ಐಟಿ ಕಂಪನಿಯ ಐಡಿ ಕಾರ್ಡ್ ಕೊರಳಲ್ಲಿ ಹಾಕಿಕೊಂಡೇ ಚಹಾ ಕುಡಿಯುತ್ತಿರುವ ಬಾಡಿಗೆಯ ಹುಡುಗ.

ಊರಿನ ದಕ್ಷಿಣಕ್ಕೆ, ಪರ್ವತಿಯ ಹಿಂಬದಿಯಲ್ಲಿ, ಕಥೆ ಸ್ವಲ್ಪ ಬೇರೆ. ಅಲ್ಲಿ ನೆರೆಸಂತ್ರಸ್ತರು ಸಹಕಾರಿ ಸೊಸೈಟಿಗಳನ್ನು ಮಾಡಿಕೊಂಡರು, ಸರ್ಕಾರ ಜಾಗ ಕೊಟ್ಟಿತು, ಸಾಲ ಸಿಕ್ಕಿತು. ಹಾಗೆ ಹುಟ್ಟಿದ ಬಡಾವಣೆಗೆ ಸಹಕಾರನಗರ ಎಂದು ಹೆಸರಾಯಿತು. ಬಂಗಲೆ, ಅಂಗಳದ ಮಾವು, ಗೇಟಿನ ಮೇಲೆ ಬಾಗಿದ ಬೋಗನ್‌ವಿಲ್ಲಾ. ಪೇಠೆಯ ಮಧ್ಯಮ ವರ್ಗ ವಾಡೆಯ ಒಂದೆರಡು ಕೋಣೆ ಬಿಟ್ಟು ಸ್ವಂತ ಗೇಟಿನ ಮನೆಗೆ ಬಂದದ್ದು ನೆರೆಯ ದೆಸೆಯಿಂದ ಎಂದರೆ ಕೇಳಲು ಕಟುವಾಗಿದೆ. ಆದರೂ ಅಲ್ಲಿನ ಹಿರಿಯರೇ ಹಾಗೆ ಹೇಳುತ್ತಾರೆ, ಸಂಕೋಚದಿಂದ ಒಂದು ಸಣ್ಣ ನಗು ನಕ್ಕು. ಪುಣೆಯ ಚೇತರಿಕೆ ಎಂದರೆ ಬಿದ್ದ ಊರನ್ನು ಬಿದ್ದಲ್ಲೇ ಕಟ್ಟಿದ್ದಲ್ಲ. ಹಳೆಯ ಊರು ಒಡೆದು ಗುಡ್ಡಗಳ ಮೇಲೆ ಚೆಲ್ಲಿದ್ದು. ಯಾರು ಯಾವ ಗುಡ್ಡಕ್ಕೆ ಹೋದರು, ತಗಡಿನಡಿಗೋ ಮಾವಿನಡಿಗೋ, ಎಂಬುದನ್ನು ನೀರು ನಿರ್ಧರಿಸಲಿಲ್ಲ. ಅದು ಜುಲೈ 12ಕ್ಕೆ ಮೊದಲೇ ನಿರ್ಧಾರವಾಗಿತ್ತು.

ಇಷ್ಟೆಲ್ಲ ಆಗಿ ಆರು ವರ್ಷ ಕಳೆದಿತ್ತು. 1967ರ ಡಿಸೆಂಬರ್ 11, ನಸುಕಿನ 4 ಗಂಟೆ 21 ನಿಮಿಷ. ಪುಣೆಯಲ್ಲಿ ಮಂಚಗಳು ಅಲುಗಿದವು, ಗೂಟಕ್ಕೆ ತೂಗುಹಾಕಿದ ಪಾತ್ರೆಗಳು ಸದ್ದು ಮಾಡಿದವು. ನಾರಾಯಣ ಪೇಠೆಯ ನಮ್ಮ ಹಿರಿಯರ ತಾಯಿ ಕತ್ತಲಲ್ಲಿ ಎದ್ದು ಕೂತು ಕೇಳಿದ್ದು ಒಂದೇ ಮಾತು: "ಮತ್ತ ಧರಣ ಒಡೀತೇನು?" ನೆಲ ನಡುಗಿದರೂ ಅವರಿಗೆ ಹೊಳೆದದ್ದು ಅಣೆಕಟ್ಟು. ಅವರ ಊಹೆ ಪೂರ್ತಿ ತಪ್ಪೂ ಆಗಿರಲಿಲ್ಲ.

ನಡುಗಿದ್ದು ಪುಣೆಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದಕ್ಷಿಣದ ಕೊಯ್ನಾನಗರ. 103 ಮೀಟರ್ ಎತ್ತರದ ಕೊಯ್ನಾ ಅಣೆಕಟ್ಟಿನ ಹಿಂದೆ ಶಿವಾಜಿಸಾಗರ 1962ರಿಂದ ತುಂಬತೊಡಗಿದ ಮೇಲೆ ಆ ಕಣಿವೆಯಲ್ಲಿ ಸಣ್ಣಸಣ್ಣ ಕಂಪನಗಳು ಶುರುವಾಗಿದ್ದವು. ಆ ನಸುಕಿನದು ಸುಮಾರು 6.3 ತೀವ್ರತೆಯದು. 180ರಷ್ಟು ಜನ ಸತ್ತರು, ಕೊಯ್ನಾನಗರದ ಮನೆಗಳು ನೆಲಕ್ಕೊರಗಿದವು, ಮುಂಬಯಿಯಲ್ಲಿ ವಿದ್ಯುತ್ತು ಹೋಯಿತು, ಬೆಳಗಾವಿಯ ಕಡೆಯವರೂ ಎದ್ದು ಬೀದಿಗೆ ಬಂದರು. ಕಟ್ಟೆಯ ಮೈಯಲ್ಲಿ ಬಿರುಕು ಬಿದ್ದವು, ಆದರೆ ಅದು ನಿಂತಿತು. ಆಮೇಲೆ ಅದಕ್ಕೆ ಹಿಂಬದಿಯಿಂದ ಕಾಂಕ್ರೀಟಿನ ಆನಿಕೆ ಕೊಟ್ಟು ಬಲಪಡಿಸಿದರು. ಜಲಾಶಯದ ನೀರಿನ ಭಾರ ಮತ್ತು ಬಿರುಕುಗಳಿಗೆ ಇಳಿಯುವ ನೀರು ಭೂಕಂಪವನ್ನು ಕೆರಳಿಸಬಲ್ಲವು ಎಂಬುದಕ್ಕೆ ಇಂದಿಗೂ ಜಗತ್ತಿನಲ್ಲಿ ಕೊಡುವ ಅತಿ ದೊಡ್ಡ ಉದಾಹರಣೆ ಕೊಯ್ನಾ.

ಆ ಕಂಪನದ ಲೆಕ್ಕ ಬರೆದದ್ದರಲ್ಲಿ ಪುಣೆಯ ಕೈ ದೊಡ್ಡದು. ಖಡಕ್‌ವಾಸಲೆಯಲ್ಲಿ, 1961ರಲ್ಲಿ ಒಡೆದ ಅದೇ ಕಟ್ಟೆಯ ಮಗ್ಗುಲಲ್ಲಿ, ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಇದೆ. 1916ರಲ್ಲಿ ಹುಟ್ಟಿ, 1925ರ ಹೊತ್ತಿಗೆ ಇಲ್ಲಿಗೆ ಬಂದು ನೆಲೆಸಿದ ಸಂಸ್ಥೆ. ಅಲ್ಲಿನವರು ಕೊಯ್ನಾ ಕಣಿವೆಯ ಕಂಪನಗಳನ್ನು ಮೊದಲಿನಿಂದಲೇ ಉಪಕರಣಗಳಿಂದ ಅಳೆಯುತ್ತಿದ್ದರು. ಅಣೆಕಟ್ಟಿನ ಒಳಗಿನ ಗ್ಯಾಲರಿಯಲ್ಲಿ ಇಟ್ಟಿದ್ದ ಒಂದು ಉಪಕರಣ ಆ ನಸುಕಿನಲ್ಲಿ ಕೆಲವೇ ಸೆಕೆಂಡುಗಳ ಕಾಲ ಓಡಿ ಒಂದು ಗೀರುಗೀರಾದ ರೇಖೆ ಬಿಟ್ಟಿತು. ಗುರುತ್ವದ ಶೇ 60ನ್ನೂ ಮೀರಿದ ಅಲುಗಾಟ. ಒಂದು ದೊಡ್ಡ ಅಣೆಕಟ್ಟು ತನ್ನ ಅಡಿಯಲ್ಲೇ ನೆಲ ನಡುಗಿದಾಗ ಏನನ್ನು ತಾಳಿಕೊಂಡಿತು ಎಂದು ತಿಳಿಯಲು ಜಗತ್ತಿನ ಎಂಜಿನಿಯರುಗಳು ಇಂದಿಗೂ ಆ ರೇಖೆಯನ್ನೇ ಕಂಪ್ಯೂಟರಿಗೆ ಉಣಿಸಿ ಲೆಕ್ಕ ಹಾಕುತ್ತಾರೆ. ದಕ್ಷಿಣದ ಪ್ರಸ್ಥಭೂಮಿ ಅಲುಗದು ಎಂಬ ಹಳೆಯ ನಂಬಿಕೆ ಅಲ್ಲಿಗೆ ಹೋಯಿತು, ದೇಶದ ಭೂಕಂಪ ವಲಯಗಳ ನಕ್ಷೆಯನ್ನು ತಿದ್ದಬೇಕಾಯಿತು. ನೀರಿನ ಗೆರೆ ಗೋಡೆಯ ಮೇಲೆ, ನೆಲದ ಗೆರೆ ಕಾಗದದ ಮೇಲೆ. ಎರಡನ್ನೂ ಈ ಊರು ಇಟ್ಟುಕೊಂಡಿದೆ.

ಮೂರನೆಯ ವಿಪತ್ತು 1993ರ ಭೂಕಂಪ, ನಮ್ಮ ಗಡಿಗೆ ಅತಿ ಹತ್ತಿರದ್ದು. ಅನಂತ ಚತುರ್ದಶಿಯ ಗಣಪತಿ ಕಳಿಸಿ ಮಲಗಿದ್ದ ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲ ಹಳ್ಳಿಗಳು ಸೆಪ್ಟೆಂಬರ್ 30ರ ನಸುಕಿನ ನಾಲ್ಕರ ಹೊತ್ತಿಗೆ ಮಣ್ಣುಗಾರೆಯ ದಪ್ಪ ಕಲ್ಲುಗೋಡೆಗಳ ಅಡಿ ಹೋದವು. ಹತ್ತು ಸಾವಿರದಷ್ಟು ಜನ. ಆಳಂದ, ಬಸವಕಲ್ಯಾಣದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ, ಆ ಹಳ್ಳಿಗಳಲ್ಲಿ ಅವರಿಗೆ ಬೀಗರಿದ್ದರು. ಅಲ್ಲಿಯ 1200ರಷ್ಟು ಮಕ್ಕಳನ್ನು ಶಾಂತಿಲಾಲ್ ಮುಥ್ಥಾ ಅವರ ಭಾರತೀಯ ಜೈನ ಸಂಘಟನೆ ಪುಣೆಗೆ ಕರೆತಂದು ಓದಿಸಿತು. ನಗರದ ಈಶಾನ್ಯಕ್ಕೆ, ವಾಘೋಲಿಯಲ್ಲಿ, ಅದಕ್ಕೆಂದೇ ಒಂದು ಶಿಕ್ಷಣ-ಪುನರ್ವಸತಿ ಕೇಂದ್ರ ಎದ್ದಿತು. ಕಿಲ್ಲಾರಿಯ ಹಳ್ಳಿಗಳನ್ನು ಹೊಸ ಜಾಗದಲ್ಲಿ, ಚೌಕ ಚೌಕದ ಅಗಲ ರಸ್ತೆಗಳೊಂದಿಗೆ ಕಟ್ಟಿದರು. ಓಣಿಯಿಲ್ಲದ ಹಳ್ಳಿಯಲ್ಲಿ ಮಾತಿಗೆ ಯಾರೂ ಸಿಗುವುದಿಲ್ಲ ಎಂಬ ಅಲ್ಲಿನ ಹೆಂಗಸರ ದೂರನ್ನು ಕೇಳಿದಾಗ ನನಗೆ ಗೋಖಲೆನಗರದ ತಗಡುಗಳ ನೆನಪಾಯಿತು.

ಇನ್ನು ಈಗಿನ ಮುಠೆ. ಬೇಸಿಗೆಯಲ್ಲಿ ಅದು ಹೊಳೆಯೇ ಅಲ್ಲ, ಹಸಿರು ಪಾಚಿಯ ಅಂಚಿನ ಕಪ್ಪು ಕಾಲುವೆ. ಡೆಕ್ಕನ್ ಬಳಿ ಪಾತ್ರದಲ್ಲೇ ಕಾರುಗಳು ನಿಲ್ಲುತ್ತವೆ. ಮೆಟ್ರೋದ ಕಂಬಗಳು ಹೊಳೆಯ ಅಂಚಿನುದ್ದಕ್ಕೂ ಸಾಲಾಗಿ ಕಾಲೂರಿವೆ, ಸಂಭಾಜಿ ಉದ್ಯಾನದ ನಿಲ್ದಾಣದ ಎತ್ತರದಲ್ಲಿ ನಿಂತರೆ ಶನಿವಾರ, ನಾರಾಯಣ ಪೇಠೆಗಳ ಮಾಳಿಗೆಗಳು ಅಂಗೈ ಮೇಲಿಟ್ಟಂತೆ ಕಾಣುತ್ತವೆ. ಕೆಳಗೆ ಭಿಡೆ ಪುಲ್, ಪಾತ್ರಕ್ಕೆ ಅಂಟಿಕೊಂಡಷ್ಟು ತಗ್ಗಿನ ಸೇತುವೆ. ಪ್ರತಿ ಮಳೆಗಾಲ ಖಡಕ್‌ವಾಸಲೆಯ ಬಾಗಿಲು ಎತ್ತಿದೊಡನೆ ಮುಳುಗುವುದು ಅದೇ, ಮರಾಠಿ ಪತ್ರಿಕೆಗಳ ಮುಖಪುಟದಲ್ಲಿ ಬರುವ ಚಿತ್ರವೂ ಅದರದೇ. ಪುಣೆಯವರಿಗೆ ಅದು ವಿಪತ್ತಲ್ಲ, ಮಳೆಗಾಲ ಬಂತೆಂಬ ಸಮಾಚಾರ. ಛತ್ರಿ ಹಿಡಿದು, ಬೇಯಿಸಿದ ಜೋಳದ ತೆನೆ ಕೈಯಲ್ಲಿಟ್ಟುಕೊಂಡು, ಲಕಡಿ ಪುಲಿನ ಕಟಾಂಜನಕ್ಕೆ ಆತು ಜನ ಅದನ್ನು ನೋಡುತ್ತಾರೆ. ಅಜ್ಜಂದಿರು ನಿಂತ ಜಾಗದಲ್ಲೇ ಮೊಮ್ಮಕ್ಕಳು, ಈಗ ಮೊಬೈಲ್ ಹಿಡಿದು.

2024ರ ಜುಲೈ 25ರ ಬೆಳಿಗ್ಗೆ ಮಾತ್ರ ನೋಟ ಬೇರೆಯಾಗಿತ್ತು. ರಾತ್ರಿಯಿಡೀ ಸುರಿದ ಮಳೆ, ಖಡಕ್‌ವಾಸಲೆಯಿಂದ ಬಿಟ್ಟ ನೀರು, ಎರಡೂ ಕೂಡಿ ಸಿಂಹಗಡ ರಸ್ತೆಯ ಏಕತಾನಗರಿಯ ಅಪಾರ್ಟ್‌ಮೆಂಟುಗಳ ನೆಲಮಹಡಿಗೆ ನುಗ್ಗಿದವು. ಸೇನೆಯನ್ನು ಕರೆಸಬೇಕಾಯಿತು. ಪಾರ್ಕಿಂಗಿನಲ್ಲಿ ಕಾರುಗಳು ಒಂದರ ಮೇಲೊಂದು ಮೂತಿ ಇಟ್ಟು ನಿಂತವು. ಹಾಸಿಗೆ, ಸೋಫಾ, ವಾಷಿಂಗ್ ಮಷಿನ್ ಬೀದಿಗೆ ಬಂದು ಒಣಗಿದವು. ಎಚ್ಚರಿಕೆ ಸಮಯಕ್ಕೆ ಬಂತೇ ಇಲ್ಲವೇ ಎಂಬ ಜಗಳ ಅಂದೂ ಎದ್ದಿತು. ಅರವತ್ತಮೂರು ವರ್ಷ ಹಳೆಯ ಜಗಳ.

ಪಾಲಿಕೆಯ ನಕ್ಷೆಗಳಲ್ಲಿ ಹೊಳೆಯ ಎರಡೂ ಬದಿಗೆ ಎರಡು ಗೆರೆಗಳಿವೆ. ನೀಲಿ ಗೆರೆ, 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯದು. ಕೆಂಪು ಗೆರೆ, 100 ವರ್ಷದ್ದು. ಪುಣೆಯಲ್ಲಿ ಮನೆ ಕೊಳ್ಳುವವರು ಬ್ಯಾಂಕಿನ ಸಾಲಕ್ಕೆ ಓಡಾಡುವಾಗ ಈ ಎರಡು ಬಣ್ಣಗಳನ್ನು ಕಲಿಯುತ್ತಾರೆ. ಬಿಲ್ಡರು ನೀಲಿಯ ಹೊರಗಿದೆ ಎನ್ನುತ್ತಾನೆ, ನೆರೆಮನೆಯವರು ಮೊನ್ನೆ ನೀರು ಮೆಟ್ಟಿಲತನಕ ಬಂದಿತ್ತು ಎನ್ನುತ್ತಾರೆ. ಪಾತ್ರ ಕಿರಿದಾದಂತೆ ಅದೇ ಅಷ್ಟು ನೀರು ಇನ್ನೂ ಮೇಲಕ್ಕೆ ಏರಬೇಕು, ಅದಕ್ಕೆ ನಕ್ಷೆಯ ಅಪ್ಪಣೆ ಬೇಕಿಲ್ಲ. 1961ರ ಗೆರೆ ಈ ಎರಡರ ಲೆಕ್ಕದಲ್ಲೂ ಇಲ್ಲ. ಅದು ಮಳೆಯ ನೆರೆಯಲ್ಲ, ಕಟ್ಟೆ ಒಡೆದದ್ದು, ಅದನ್ನು ಬೇರೆಯಾಗಿ ನೋಡಬೇಕು ಎನ್ನುತ್ತಾರೆ ಬಲ್ಲವರು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಸರಿ. ಆದರೆ ಖಡಕ್‌ವಾಸಲೆಯ ಮೇಲ್ಗಡೆ ಇಂದು ಮತ್ತೆ ಕಟ್ಟಿದ ಪಾನಶೇತ್ ಇದೆ, ವರಸಗಾವ್ ಇದೆ, ಟೇಮಘರ್ ಇದೆ. ಟೇಮಘರ್ ಕಟ್ಟೆ ಸೋರುತ್ತಿದೆ ಎಂಬ ಸುದ್ದಿ 2016ರಲ್ಲಿ ದೊಡ್ಡದಾಗಿ, ದುರಸ್ತಿಯ ಕೆಲಸ ನಡೆಯಿತು. ಆಗ ಪೇಠೆಯ ಹಳಬರು ಎಂಜಿನಿಯರುಗಳ ಹೇಳಿಕೆ ಓದಲಿಲ್ಲ, ಗೋಡೆಯ ಫಲಕ ನೋಡಿದರು.

ಆ ಫಲಕಗಳು ಕಡಿಮೆಯಾಗುತ್ತಿವೆ. ನೆರೆ ಉಳಿಸಿದ ವಾಡೆಗಳನ್ನು ಪುನರಭಿವೃದ್ಧಿ ಉಳಿಸುತ್ತಿಲ್ಲ. ಬಾಡಿಗೆದಾರರ ವ್ಯಾಜ್ಯ, ದಾಯಾದಿಗಳ ಹಂಚಿಕೆ, ಅದೇ ಜಾಗದಲ್ಲಿ ಹೆಚ್ಚು ಕಟ್ಟಲು ಬಿಡುವ ಎಫ್.ಎಸ್.ಐ. ಆಸೆ, ಕೊನೆಗೆ ಒಂದು ಮಳೆಗಾಲ ಪಾಲಿಕೆಯಿಂದ ಅಪಾಯಕಾರಿ ಕಟ್ಟಡ ಎಂಬ ನೋಟಿಸು. ಸಾಗವಾನಿ ಕಂಬಗಳು ಹಳೇ ಕಟ್ಟಿಗೆ ವ್ಯಾಪಾರಿಗೆ ಹೋಗುತ್ತವೆ, ಗೋಡೆ ಮಣ್ಣಾಗಿ ಟ್ರಕ್ಕಿಗೆ. ಫಲಕ ಯಾವ ಕಡೆ ಹೋಗುತ್ತದೆಂದು ಕೇಳಿದರೆ ಗುತ್ತಿಗೆದಾರ ನಿಮ್ಮ ಮುಖ ನೋಡುತ್ತಾನೆ. ಹೊಸ ಕಟ್ಟಡದವರು ಅದೇ ಎತ್ತರ ಅಳೆದು ಹೊಸ ಕಲ್ಲು ಕೂರಿಸಿದರೆ ಖರ್ಚು ಏನೂ ದೊಡ್ಡದಲ್ಲ. ಹಾಗೆ ಮಾಡಿ ಎಂದು ಹೇಳುವ ನಿಯಮ ಒಂದಿದ್ದರೆ ಸಾಕು. ಪರವಾನಗಿಗೆ ಬೇಕಾದ ನೂರು ಕಾಗದಗಳ ಜೊತೆ ಅದೊಂದು.

ಸಹಕಾರನಗರದಲ್ಲಿ ಚೇತರಿಕೆಯ ಕಡತ ಮುಚ್ಚಲು ದಶಕಗಳೇ ಹಿಡಿದವು. ನೆರೆಸಂತ್ರಸ್ತರಿಗೆ ಕೊಟ್ಟ ಜಾಗ ಗುತ್ತಿಗೆಯದು. ಅದನ್ನು ಸ್ವಂತ ಮಾಡಿಕೊಡಿ ಎಂದು ನೂರಕ್ಕೂ ಹೆಚ್ಚು ಸೊಸೈಟಿಗಳು ಮುಂಬಯಿಯ ಸಚಿವಾಲಯವಾದ ಮಂತ್ರಾಲಯಕ್ಕೆ ಅಲೆದದ್ದು ಒಂದು ತಲೆಮಾರಿನ ಕೆಲಸವಾಯಿತು. ಅರ್ಜಿಗೆ ಲಗತ್ತಿಸಬೇಕಾದ ಕಾಗದಗಳಲ್ಲಿ ಮೊದಲಿನದು ತಮ್ಮ ಹಿರಿಯರು 1961ರ ನೆರೆಯಲ್ಲಿ ಮನೆ ಕಳೆದುಕೊಂಡವರು ಎಂಬುದಕ್ಕೆ ಪುರಾವೆ. ಪುರಾವೆ ಇಟ್ಟಿದ್ದ ಟ್ರಂಕು ಆ ಮನೆಯೊಳಗೇ ಇತ್ತು ಎಂದು ಗುಮಾಸ್ತನಿಗೆ ವಿವರಿಸಿ ಹೇಳುವ ಹೊತ್ತಿಗೆ ಊಟದ ವಿರಾಮದ ಗಂಟೆ ಹೊಡೆದಿರುತ್ತಿತ್ತು, ನಾಳೆ ಬನ್ನಿ ಎನ್ನುತ್ತಿದ್ದರು.